ಹೊಸಬರು ಚೆನ್ನಾಗಿ ಕೆಲಸ ಮಾಡಬೇಕಂದ್ರೆ

ಬೆಂಗಳೂರಿನಲ್ಲಿ ಟೀಮ್ ನೋಡಿಕೊಳ್ಳುವವರಿಗೆ ಒಂದು ಸಲಹೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರ ಕೆಲಸ ನಿಧಾನ ಅನ್ನಿಸಿದರೆ, ಡೌಟ್ ಬಂದಾಗ ಯಾರನ್ನು ಕೇಳಬೇಕು ಅಂತ ಅವರಿಗೆ ಗೊತ್ತಿದೆಯಾ ನೋಡಿ. ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಮ್ಯಾನೇಜರ್‌ಗೆ ಯಾಕೆ ತೊಂದರೆ ಅಂತ ಅರ್ಧ ದಿನ ಸುಮ್ನೆ ಕೂತಿರುತ್ತಾರೆ. ಒಬ್ಬ ಸೀನಿಯರನ್ನು ಗೊತ್ತು ಮಾಡಿ, ಅವರಿಗೆ ದಿನಾ ಅದಕ್ಕೆಂದೇ ಅರ್ಧ ಗಂಟೆ ಬಿಡುವು ಕೊಡಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಮಕ್ಕಳು ಮೀಟಿಂಗ್‌ನಲ್ಲಿ ಇಂಗ್ಲಿಷ್‌ಗೆ ಹೆದರಿ ಬಾಯಿ ಬಿಡುವುದಿಲ್ಲ. ಅವರಿಗೆ ಕೆಲಸ ಬರಲ್ಲ ಅಂತಲ್ಲ. ಕನ್ನಡದಲ್ಲೇ ಕೇಳಿ ಅಂತ ನೀವೇ ಮೊದಲು ಹೇಳಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ.

ತಪ್ಪು ಕಂಡರೆ ಅವತ್ತೇ ತಿಳಿಸಿ, ಎಲ್ಲರ ಮುಂದೆ ಬೇಡ. ಅಪ್ರೈಸಲ್‌ವರೆಗೆ ಕಾದರೆ ಏನು ಪ್ರಯೋಜನ, ಅಲ್ವಾ?

ಇನ್ನು ಟ್ರಾಫಿಕ್. ಔಟರ್ ರಿಂಗ್ ರೋಡ್ ಕಡೆ ಆಫೀಸ್ ಇದ್ದರೆ ಬರುವ ಹೊತ್ತನ್ನು ಒಂದು ಗಂಟೆ ಹಿಂದೆ ಮುಂದೆ ಮಾಡಿಕೊಳ್ಳಲು ಬಿಡಿ. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೋ ಇದೆ. ಸ್ಟೇಷನ್‌ನಿಂದ ಆಫೀಸಿಗೆ ಕಂಪನಿಯೇ ಒಂದು ಗಾಡಿ ಬಿಟ್ಟರೆ ತುಂಬಾ ಅನುಕೂಲ.