ಬೆನ್ನುಮೂಳೆಯ ಗಡ್ಡೆಗೆ ಕೈ ಹಾಕುವ ಮುನ್ನ

ಹದಿನಾಲ್ಕು ವರ್ಷದ ಹಿಂದಿನ ಮಾತು. ಸೊಂಟದ ಎರಡನೇ ಮೂಳೆ ಕುಸಿದು, ಕಾಲಿನ ಬಲ ದಿನೇದಿನೇ ಇಳಿಯುತ್ತಿದ್ದ ಐವತ್ತೆಂಟರ ಒಬ್ಬರು ನಾನಾಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಬಂದರು. ಎಂಆರ್‌ಐಯಲ್ಲಿ ಮೂಳೆಯೊಳಗೆ ಗಡ್ಡೆ, ಅದು ಹಿಂದಕ್ಕೆ ಚಾಚಿ ನರಗಳನ್ನು ಅದುಮಿಕೊಂಡಿತ್ತು. ನಾನು ಸ್ವತಂತ್ರವಾಗಿ ಬೆನ್ನುಮೂಳೆಯ ಆಪರೇಶನ್ ಮಾಡಲು ಶುರು ಮಾಡಿ ಮೂರು ವರ್ಷವಾಗಿತ್ತು. ಕಾಲು ಹೋಗುತ್ತಿದೆ, ತಡ ಮಾಡಬಾರದು ಎಂಬುದೊಂದೇ ತಲೆಯಲ್ಲಿ. ಎರಡು ಯೂನಿಟ್ ರಕ್ತ ಕಾದಿರಿಸಿ ಮರುದಿನ ಬೆಳಿಗ್ಗೆಯೇ ಟೇಬಲ್ ಮೇಲೆ ತೆಗೆದುಕೊಂಡೆವು.

ಹಿಂಬದಿಯ ಮೂಳೆ ತೆಗೆದು ಗಡ್ಡೆಯನ್ನು ಮುಟ್ಟಿದ್ದೇ ತಡ, ಒರತೆ ಒಡೆದ ಹಾಗೆ ರಕ್ತ ಉಕ್ಕಿತು. ಗಾಜ್ ಒತ್ತಿ ಹಿಡಿದರೆ ನಿಲ್ಲುತ್ತಿತ್ತು, ತೆಗೆದರೆ ಮತ್ತೆ ಅದೇ. ಪರದೆಯ ಆಚೆಯಿಂದ ಅನಸ್ತೇಶಿಯಾ ಡಾಕ್ಟರು ‘ಬಿಪಿ 60’ ಎಂದರು. ಸ್ವಲ್ಪ ಹೊತ್ತಿಗೆ ‘ಸರ್, ಇನ್ನು ಸಾಕು ಮಾಡಿ’ ಎಂದರು. ಒಟ್ಟು ಒಂಬತ್ತು ಯೂನಿಟ್ ರಕ್ತ ಹೋಯಿತು. ಗಡ್ಡೆಯನ್ನು ಅರ್ಧಕ್ಕೇ ಬಿಟ್ಟು, ಸ್ಕ್ರೂ ರಾಡ್ ಬಿಗಿದು ಗಾಯ ಮುಚ್ಚಿದೆವು. ಐದು ದಿನದ ನಂತರ ಪೆಥಾಲಜಿ ವರದಿ ಬಂತು: ಕಿಡ್ನಿಯ ಕ್ಯಾನ್ಸರ್ ಬೆನ್ನಿಗೆ ಹರಡಿದ್ದು. ಮೊದಲೇ ಹೊಟ್ಟೆಯದೊಂದು ಸ್ಕ್ಯಾನ್ ಮಾಡಿಸಿದ್ದರೆ ಎಡ ಕಿಡ್ನಿಯ ಗಂಟು ಕಣ್ಣಿಗೆ ಹೊಡೆದು ಕಾಣುತ್ತಿತ್ತು. ಅವರ ಗಾಯ ಕೀವಾಗಿ ಎರಡು ಸಲ ತೊಳೆಯಬೇಕಾಯಿತು. ಏಳು ತಿಂಗಳು ಬದುಕಿದರು, ಅದರಲ್ಲಿ ಬಹುಪಾಲು ಹಾಸಿಗೆಯಲ್ಲೇ.

ಬೆನ್ನುಮೂಳೆಯ ಗಡ್ಡೆಯ ಆಪರೇಶನ್ನಿನಲ್ಲಿ ಆಗುವ ತೊಡಕುಗಳ ದೊಡ್ಡ ಪಾಲು ಚಾಕು ಇಡುವ ಮೊದಲೇ ತೀರ್ಮಾನವಾಗಿಬಿಟ್ಟಿರುತ್ತದೆ ಎಂದು ನನಗೆ ಮನವರಿಕೆಯಾದದ್ದು ಅಲ್ಲಿಂದ. ಆಮೇಲಿನ ವರ್ಷಗಳಲ್ಲಿ ನಾನು ಕೆಲಸ ಮಾಡುವ ರೀತಿ ಹೇಗೆ ಬದಲಾಯಿತು ಎಂಬುದನ್ನು ಇನ್ನೊಬ್ಬ ರೋಗಿಯ ಮೂಲಕ ಹೇಳುತ್ತೇನೆ.

ಅವರು ಮಲೆನಾಡಿನ ಕಡೆಯವರು. ವಯಸ್ಸು ಐವತ್ತು ದಾಟಿತ್ತು. ಸುಗ್ಗಿಯಲ್ಲಿ ದಿನವಿಡೀ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರು. ಬೆನ್ನು ನೋಯಲು ಶುರುವಾದಾಗ ಮನೆಯಲ್ಲಿ ಎಲ್ಲರೂ ಬಗ್ಗಿ ಕೂತದ್ದಕ್ಕೇ ಅಂದುಕೊಂಡರು. ಎಣ್ಣೆ ತಿಕ್ಕಿಸಿದ್ದಾಯಿತು, ಇಂಜೆಕ್ಷನ್ ಆಯಿತು. ಆದರೆ ಆ ನೋವು ಮಲಗಿದರೂ ಬಿಡುತ್ತಿರಲಿಲ್ಲ, ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಿತ್ತು. ಕೆಲಸದಿಂದ ಬಂದ ಬೆನ್ನುನೋವು ಸಾಮಾನ್ಯವಾಗಿ ಮಲಗಿದರೆ ತಗ್ಗುತ್ತದೆ. ಮಲಗಿದ ಮೇಲೆ ಹೆಚ್ಚಾಗುವ ನೋವನ್ನು ನಾನು ಎಂದೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೊನೆಗೊಂದು ಕಡೆ ಎಕ್ಸ್‌ರೇಯಲ್ಲಿ ಕುಸಿದ ಮೂಳೆ ಕಂಡು, ಬಯಾಪ್ಸಿ ಇಲ್ಲದೆಯೇ ಟಿಬಿ ಮಾತ್ರೆ ಶುರು ಮಾಡಿದ್ದರು. ಮೂರು ವಾರ ನುಂಗಿದರು. ಅಷ್ಟರಲ್ಲಿ ಕಾಲು ಎಳೆಯತೊಡಗಿತು.

ನಮ್ಮ ದೇಶದಲ್ಲಿ ಬೆನ್ನುಮೂಳೆಗೆ ಟಿಬಿ ತಗಲುವುದು ಅಪರೂಪವಲ್ಲ, ಹಾಗಾಗಿ ಮೊದಲು ಟಿಬಿ ಎಂದೇ ಅನುಮಾನ ಬರುವುದು ತಪ್ಪಲ್ಲ. ಅನುಮಾನದ ಮೇಲೇ ತಿಂಗಳುಗಟ್ಟಲೆ ಮಾತ್ರೆ ಕೊಡುವುದು ತಪ್ಪು. ಟಿಬಿ ಹೆಚ್ಚಾಗಿ ಎರಡು ಮೂಳೆಗಳ ನಡುವಿನ ಡಿಸ್ಕನ್ನೂ ಸೇರಿಸಿ ತಿನ್ನುತ್ತದೆ, ಕ್ಯಾನ್ಸರ್ ಮೂಳೆಯನ್ನು ತಿಂದು ಡಿಸ್ಕನ್ನು ಉಳಿಸುತ್ತದೆ. ಇವರ ಎಂಆರ್‌ಐಯಲ್ಲಿ ಎದೆಭಾಗದ ಹನ್ನೊಂದನೇ ಮೂಳೆ, ನಾವು ಡಿ11 ಅನ್ನುವುದು, ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು. ಮೇಲಿನ ಡಿಸ್ಕೂ ಕೆಳಗಿನ ಡಿಸ್ಕೂ ಸ್ವಚ್ಛವಾಗಿದ್ದವು. ಹಳೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದೆ. ಪ್ರತಿ ಮೂಳೆಯಲ್ಲೂ ಗೂಬೆಯ ಎರಡು ಕಣ್ಣಿನ ಹಾಗೆ ಎರಡು ದುಂಡು ಗುರುತು ಕಾಣಬೇಕು. ಡಿ11ರಲ್ಲಿ ಒಂದು ಕಣ್ಣು ಮುಚ್ಚಿತ್ತು. ಆ ಕಡೆಯ ಪೆಡಿಕಲ್, ಅಂದರೆ ಮೂಳೆಯ ಮುಂಭಾಗವನ್ನು ಹಿಂಭಾಗಕ್ಕೆ ಜೋಡಿಸುವ ಗಿಡ್ಡ ಕಂಬ, ಸವೆದುಹೋಗಿತ್ತು.

ಪರೀಕ್ಷೆ ಮಾಡುವಾಗ ಅವರು ಕುತ್ತಿಗೆಯ ಸುತ್ತ ಹೊದ್ದಿದ್ದ ಸೆರಗನ್ನು ಸರಿಸಿದೆ. ಗಂಟಲ ಬಳಿ ಅಡಿಕೆ ಗಾತ್ರದ ಗಂಟು.

‘ಇದು ಎಷ್ಟು ವರ್ಷದಿಂದ ಇದೆ ಅಮ್ಮಾ?’

‘ಅದೆಂತದ್ದೂ ಅಲ್ಲ ಡಾಕ್ಟ್ರೇ, ಮದುವೆಗೂ ಮುಂಚಿಂದ ಇದೆ. ನಮ್ಮಜ್ಜಿಗೂ ಇತ್ತು.’

ಊಟದಲ್ಲಿ ಅಯೋಡಿನ್ ಕಡಿಮೆಯಾದ ಕಡೆಗಳಲ್ಲಿ ಗಳಗಂಡ ಸಾಮಾನ್ಯ, ಆದ್ದರಿಂದ ಯಾರೂ ಅದನ್ನು ಕಾಯಿಲೆ ಎಂದು ಎಣಿಸುವುದಿಲ್ಲ. ಅಂಥ ಪ್ರದೇಶಗಳಲ್ಲೇ ಥೈರಾಯ್ಡಿನ ಫಾಲಿಕ್ಯುಲರ್ ಕ್ಯಾನ್ಸರಿನ ಪಾಲು ಹೆಚ್ಚು. ಅದು ರಕ್ತದ ಮೂಲಕ ಹರಡಿ ಮೂಳೆಯಲ್ಲಿ ನೆಲೆಸುತ್ತದೆ. ಕಿಡ್ನಿಯ ಗಡ್ಡೆಯ ಹಾಗೆಯೇ ಇದೂ ರಕ್ತ ತುಂಬಿಕೊಂಡ ಗಡ್ಡೆ. ಆ ಗಂಟನ್ನು ಮುಟ್ಟಿದಾಗ ನನಗೆ ಆ ಮೊದಲ ರೋಗಿಯ ರಕ್ತ ತುಂಬಿದ್ದ ಸಕ್ಷನ್ ಬಾಟಲಿ ನೆನಪಾಯಿತು.

ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಶುರು ಮಾಡಿದೆವು, ಬೆನ್ನುಹುರಿಯ ಸುತ್ತಲಿನ ಊತ ಇಳಿಯಲಿ ಎಂದು. ಇಡೀ ಬೆನ್ನಿನ ಎಂಆರ್‌ಐ, ಎದೆ ಮತ್ತು ಹೊಟ್ಟೆಯ ಸಿಟಿ, ರಕ್ತದ ಪ್ರೋಟೀನು ನೋಡುವ ಸೀರಮ್ ಎಲೆಕ್ಟ್ರೋಫೊರೆಸಿಸ್ ಆಯಿತು. ಈ ಕೊನೆಯದನ್ನು ನಾನು ಎಂದೂ ಬಿಡುವುದಿಲ್ಲ. ಮೈಲೋಮಾ, ಅಂದರೆ ಮೂಳೆಮಜ್ಜೆಯ ಕ್ಯಾನ್ಸರ್, ಎಂದು ಗೊತ್ತಾದರೆ ಎಷ್ಟೋ ಸಲ ಚಾಕುವೇ ಬೇಕಾಗುವುದಿಲ್ಲ. ಆ ಗಡ್ಡೆ ರೇಡಿಯೇಶನ್‌ಗೆ, ನಮ್ಮ ಜನ ಹೇಳುವ ಹಾಗೆ ‘ಕರೆಂಟ್ ಕೊಡುವುದಕ್ಕೆ’, ಬೇಗ ಕರಗುತ್ತದೆ. ದುಗ್ಧಗ್ರಂಥಿಯ ಕ್ಯಾನ್ಸರ್ ಲಿಂಫೋಮಾ ಕೂಡ ಹಾಗೆಯೇ. ನಂತರ ಸಿಟಿ ನೋಡಿಕೊಂಡು ಪೆಡಿಕಲ್ ಮೂಲಕ ಸೂಜಿ ಬಯಾಪ್ಸಿ. ತುಣುಕನ್ನು ಎರಡು ಭಾಗ ಮಾಡಿ ಒಂದನ್ನು ಪೆಥಾಲಜಿಗೆ, ಇನ್ನೊಂದನ್ನು ಟಿಬಿ ಪರೀಕ್ಷೆಗೆ ಕಳಿಸಿದೆವು. ವರದಿಗೆ ನಾಲ್ಕು ದಿನ ಕಾದೆವು. ದಿನಕ್ಕೆ ಎರಡು ಸಲ ನಾನೇ ಹೋಗಿ ಕಾಲಿನ ಬಲ ನೋಡುತ್ತಿದ್ದೆ. ಬಲ ಇಳಿದಿದ್ದರೆ ಕಾಯುತ್ತಿರಲಿಲ್ಲ. ವರದಿ ಥೈರಾಯ್ಡ್ ಎಂದೇ ಬಂತು.

ಮಗ ಕಾರಿಡಾರಿನಲ್ಲಿ ಕೈ ಹಿಡಿದುಕೊಂಡ. ‘ಅಮ್ಮಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಸರ್, ಅವ್ಳು ಅಲ್ಲೇ ಕುಸಿದುಹೋಗ್ತಾಳೆ.’ ಈ ಮಾತನ್ನು ತಿಂಗಳಿಗೊಮ್ಮೆಯಾದರೂ ಕೇಳುತ್ತೇನೆ. ಸುಳ್ಳು ಹೇಳುವುದಿಲ್ಲ, ಕೇಳಿದಷ್ಟಕ್ಕೆ ಉತ್ತರ ಕೊಡುತ್ತೇನೆ ಎಂದು ಅವನಿಗೆ ಹೇಳಿ ಒಳಗೆ ಹೋದೆ. ಅಮ್ಮ ಕೇಳಿದ್ದು ಎರಡೇ. ‘ಇದು ಕೆಟ್ಟ ಗಡ್ಡೆಯಾ?’ ಹೌದು ಎಂದೆ. ‘ಬಚ್ಚಲಿಗೆ ನಾನೇ ಹೋಗೋ ಹಾಗೆ ಆಗ್ತದಾ?’ ಅದಕ್ಕಾಗಿಯೇ ಆಪರೇಶನ್ ಮಾಡುತ್ತಿದ್ದೇನೆ ಎಂದೆ.

ಹರಡಿದ ಕ್ಯಾನ್ಸರಿಗೆ ಬೆನ್ನಿನ ಆಪರೇಶನ್ ಮಾಡುವುದರ ಗುರಿ ಇದೇ: ನಡಿಗೆ ಉಳಿಯಬೇಕು, ಮೂತ್ರದ ಹಿಡಿತ ಉಳಿಯಬೇಕು, ನೋವು ಇಳಿಯಬೇಕು. ಒಂದು ಕಾಲದಲ್ಲಿ ಹಿಂದಿನ ಮೂಳೆಯನ್ನಷ್ಟೇ ತೆಗೆದು ಬಿಡುತ್ತಿದ್ದರು. ಗಡ್ಡೆ ಇರುವುದು ಮುಂದೆ, ತೆಗೆಯುವುದು ಹಿಂದಿನ ಆಸರೆ. ಬೆನ್ನು ಇನ್ನಷ್ಟು ಕುಸಿಯುತ್ತಿತ್ತು. ಬರೀ ರೇಡಿಯೇಶನ್‌ಗಿಂತ ಅದರಿಂದ ಹೆಚ್ಚು ಲಾಭ ಕಾಣದೆ ಎಷ್ಟೋ ಕಡೆ ಆಪರೇಶನ್ ಮಾಡುವುದನ್ನೇ ಕೈಬಿಟ್ಟರು. 2005ರಲ್ಲಿ ಅಮೆರಿಕದ ಪ್ಯಾಚೆಲ್ ಮತ್ತು ಸಂಗಡಿಗರು 101 ರೋಗಿಗಳ ಮೇಲೆ ನಡೆಸಿದ ಅಧ್ಯಯನ ‘ಲ್ಯಾನ್ಸೆಟ್’ನಲ್ಲಿ ಬಂದ ಮೇಲೆ ಗಾಳಿ ತಿರುಗಿತು. ಬೆನ್ನುಹುರಿಯ ಮೇಲಿನ ಒತ್ತಡವನ್ನು ನೇರವಾಗಿ ತೆಗೆದು, ಬೇಕಾದಲ್ಲಿ ರಾಡ್ ಹಾಕಿ, ಆಮೇಲೆ ರೇಡಿಯೇಶನ್ ಕೊಟ್ಟವರಲ್ಲಿ ನೂರಕ್ಕೆ 84 ಮಂದಿ ನಡೆದರು, ಬರೀ ರೇಡಿಯೇಶನ್ ಪಡೆದವರಲ್ಲಿ 57. ಆ 27 ಜನರ ಅಂತರ ಎಂದರೆ ಬಚ್ಚಲಿಗೆ ತಾವೇ ಹೋಗಬಲ್ಲ 27 ಜನ. ನನಗೆ ಆ ಅಂಕಿ ಹಾಗೆಯೇ ಕಾಣುತ್ತದೆ.

ರಾಡ್ ಬೇಕೇ ಎಂಬುದಕ್ಕೆ 2010ರಿಂದ ನಮ್ಮ ಕೈಯಲ್ಲಿ ಸಿನ್ಸ್ ಎಂಬ ಅಂಕಪಟ್ಟಿ ಇದೆ. ಗಡ್ಡೆ ಇರುವ ಜಾಗ, ನೋವಿನ ಬಗೆ, ಕುಸಿತ ಇವಕ್ಕೆಲ್ಲ ಅಂಕ ಕೊಟ್ಟು 18ಕ್ಕೆ ಕೂಡಿಸುವುದು. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬೆನ್ನು ನಿಲ್ಲುವ ಸ್ಥಿತಿಯಲ್ಲಿಲ್ಲ ಎಂದರ್ಥ. ಇವರದು 14. ಅಂಥ ಬೆನ್ನನ್ನು ಹೊತ್ತು ಆಗುಂಬೆ ಘಾಟಿ ಇಳಿದು ಬಂದಿದ್ದರು.

ಆಪರೇಶನ್ನಿನ ಹಿಂದಿನ ದಿನ ಎಂಬೊಲೈಸೇಶನ್. ತೊಡೆಯ ರಕ್ತನಾಳದಿಂದ ಕ್ಯಾತೆಟರ್ ಹಾಯಿಸಿ, ಗಡ್ಡೆಗೆ ರಕ್ತ ಒದಗಿಸುವ ನಾಳಗಳನ್ನು ಸಣ್ಣ ಕಣಗಳಿಂದ ಮುಚ್ಚುವುದು. ನಾನು ಸೀಸದ ಏಪ್ರನ್ ಹಾಕಿ ರೇಡಿಯಾಲಜಿಸ್ಟ್ ಪಕ್ಕ ನಿಂತಿದ್ದೆ. ಬಲಗಡೆ ಡಿ11ಕ್ಕೆ ಡೈ ಹಾಕಿದಾಗ ಗಡ್ಡೆ ಬಿಳಿ ಸೇವಂತಿಗೆಯ ಹಾಗೆ ಪರದೆಯ ಮೇಲೆ ಅರಳಿತು. ಅದನ್ನು ಮುಚ್ಚಿದರು. ಎಡಗಡೆ ಡೈ ಹಾಕಿದರು, ತಕ್ಷಣ ಕೈ ನಿಲ್ಲಿಸಿ ‘ಸರ್, ಇಲ್ಲಿ ನೋಡಿ’ ಎಂದರು. ಒಂದು ಎಳೆ ನಾಳ ಮೇಲಕ್ಕೆ ಹತ್ತಿ, ಘಾಟಿಯ ಹೇರ್‌ಪಿನ್ ತಿರುವಿನ ಹಾಗೆ ಬಾಗಿ ಕೆಳಗಿಳಿದಿತ್ತು. ಆಡಂಕೀವಿಚ್ ಧಮನಿ. ಬೆನ್ನುಹುರಿಯ ಕೆಳಭಾಗಕ್ಕೆ ಮುಖ್ಯವಾಗಿ ರಕ್ತ ಒದಗಿಸುವ ನಾಳ ಅದು. ಹೆಚ್ಚಿನವರಲ್ಲಿ ಎಡಗಡೆ, ಡಿ9 ಮತ್ತು ಡಿ12ರ ನಡುವೆ ಹುಟ್ಟುತ್ತದೆ. ಅಲ್ಲಿ ಒಂದು ಕಣ ಹೋಗಿದ್ದರೂ ಎರಡೂ ಕಾಲು ಅಲ್ಲಿಗೇ ಮುಗಿಯುತ್ತಿತ್ತು. ಎಡ ಡಿ11 ಅನ್ನು ಮುಟ್ಟಲಿಲ್ಲ. ನಾಳೆ ಎಡಗಡೆ ರಕ್ತ ಬರುತ್ತದೆ, ಆ ನಾಳ ಜೊತೆಗೆ ಸಾಗುವ ನರದ ಬೇರನ್ನು ನಾನೂ ಕಟ್ಟಬಾರದು ಎಂದು ಬರೆದುಕೊಂಡು ಹೊರಬಂದೆ.

ಮರುದಿನ ಬೋರಲು ಮಲಗಿಸುವುದಕ್ಕೇ ಅರ್ಧ ಗಂಟೆ ತೆಗೆದುಕೊಂಡೆವು. ಹೊಟ್ಟೆ ಎಲ್ಲಿಯೂ ಒತ್ತದೆ ಜೋಲಬೇಕು. ಹೊಟ್ಟೆ ಒತ್ತಿದರೆ ಆ ಒತ್ತಡ ಬೆನ್ನುಹುರಿಯ ಸುತ್ತಲಿನ ಸಿರೆಗಳಿಗೆ ಏರಿ ರಕ್ತ ಜಾಸ್ತಿ ಹೋಗುತ್ತದೆ. ಡಿ9, ಡಿ10, ಡಿ12 ಮತ್ತು ಸೊಂಟದ ಮೊದಲ ಮೂಳೆ ಎಲ್1ಕ್ಕೆ ಸ್ಕ್ರೂ ಹಾಕಿ, ಒಂದು ಕಡೆ ತಾತ್ಕಾಲಿಕ ರಾಡ್ ಬಿಗಿದ ಮೇಲೆಯೇ ಗಡ್ಡೆಗೆ ಕೈ ಹಾಕಿದ್ದು. ಬಲಗಡೆ ಹೆಚ್ಚುಕಡಿಮೆ ಒಣಗಿತ್ತು. ಎಡಗಡೆ ಎಣಿಸಿದ ಹಾಗೆಯೇ ಒಸರಿತು, ಆದರೆ ಹಿಡಿತದಲ್ಲಿತ್ತು. ಬೆನ್ನುಹುರಿಯ ಮುಂಭಾಗದ ಗಡ್ಡೆಯನ್ನು ಕೆಳಕ್ಕೆ ತಳ್ಳಿ ಬಿಡಿಸುತ್ತಿದ್ದಾಗ ನರಗಳ ಸಿಗ್ನಲ್ ತೋರಿಸುವ ನ್ಯೂರೋಮಾನಿಟರಿಂಗ್ ನೋಡುತ್ತಿದ್ದ ಹುಡುಗಿ ‘ಎಡಗಾಲಿನ ಸಿಗ್ನಲ್ ಅರ್ಧಕ್ಕೆ ಇಳಿದಿದೆ’ ಎಂದಳು. ಕೈ ತೆಗೆದೆ. ಸರಾಸರಿ ಬಿಪಿ 85ರ ಮೇಲೆ ಏರಿಸಿದರು. ಬಿಸಿ ಸಲೈನ್ ಸುರಿದು ಸುಮ್ಮನೆ ನಿಂತೆವು. ಒಟ್ಟು ಹದಿನಾಲ್ಕು ನಿಮಿಷ. ಸಿಗ್ನಲ್ ಮರಳಿತು.

ಗಡ್ಡೆ ಒಂದು ಕಡೆ ಬೆನ್ನುಹುರಿಯ ಹೊದಿಕೆಗೆ ಅಂಟಿತ್ತು. ಬಿಡಿಸುವಾಗ ಅಕ್ಕಿಕಾಳಿನಷ್ಟು ಹರಿಯಿತು, ತಿಳಿನೀರು ಚಿಮ್ಮಿತು. 6-0 ಎಂಬ ಬಲು ತೆಳು ದಾರದಲ್ಲಿ ಹೊಲಿದು, ಮೇಲೆ ಕೊಬ್ಬಿನ ಚೂರು ಮತ್ತು ಫೈಬ್ರಿನ್ ಗ್ಲೂ ಇಟ್ಟೆ. ಮುಂದಿನ ಖಾಲಿ ಜಾಗಕ್ಕೆ ಟೈಟಾನಿಯಂ ಕೇಜ್. ಬಳಸಿದ ರಕ್ತ ಮೂರು ಯೂನಿಟ್.

ಎರಡನೇ ದಿನ ಕಾಲ್ಬೆರಳು ಆಡಿಸಿದರು. ಆರನೇ ದಿನ ವಾಕರ್ ಹಿಡಿದು ನಿಂತರು. ಒಂಬತ್ತನೇ ದಿನ ಬೆಳಿಗ್ಗೆ ಸಿಸ್ಟರ್ ಕರೆದರು, ಡ್ರೆಸ್ಸಿಂಗ್ ಒದ್ದೆಯಾಗಿತ್ತು. ಎದ್ದು ಕೂತರೆ ತಲೆನೋವು, ಮಲಗಿದರೆ ಇಲ್ಲ. ಒದ್ದೆಯ ನಡುವೆ ತೆಳು ಕೆಂಪು, ಸುತ್ತ ತಿಳಿಯಾದ ಉಂಗುರ. ಹೊಲಿಗೆ ಸೋರುತ್ತಿದೆ ಎಂದು ಮನಸ್ಸಿಗೆ ಗೊತ್ತಾಯಿತು. ಎರಡು ದಿನ ಮಲಗಿಸಿ ನೋಡೋಣ ಎಂಬ ಆಸೆ ನನಗೂ ಹುಟ್ಟಿತು. ಹೊಲಿದವನಿಗೆ ತನ್ನ ಹೊಲಿಗೆಯ ಮೇಲೆ ನಂಬಿಕೆ ಇರುತ್ತದೆ. ಆದರೆ ಸ್ಟಿರಾಯ್ಡ್ ತೆಗೆದುಕೊಂಡ, ಅದರಿಂದಲೇ ಶುಗರ್ ಏರಿದ, ರಕ್ತದ ಪ್ರೋಟೀನು ಆಲ್ಬುಮಿನ್ ಇಳಿದ ಮೈಯಲ್ಲಿ ಒದ್ದೆ ಗಾಯ ಎರಡು ದಿನದಲ್ಲಿ ಸೋಂಕಾಗುತ್ತದೆ. ಸೋಂಕು ಆ ತೂತಿನ ಮೂಲಕ ಒಳಹೊಕ್ಕರೆ ಮೆದುಳು ಜ್ವರ. ಅಂದೇ ಮಧ್ಯಾಹ್ನ ಮತ್ತೆ ಓಟಿಗೆ ಒಯ್ದೆವು. ಪ್ಲಾಸ್ಟಿಕ್ ಸರ್ಜನ್ ಜೊತೆಗೆ ಬಂದರು. ಹೊಲಿಗೆಯನ್ನು ಹೊಸದಾಗಿ ಹಾಕಿ, ಬೆನ್ನಿನ ಎರಡೂ ಬದಿಯ ಸ್ನಾಯುಗಳನ್ನು ಬಿಡಿಸಿ ನಡುವಿಗೆ ಎಳೆದು, ರಾಡ್‌ಗಳ ಮೇಲೆ ದಪ್ಪ ಹೊದಿಕೆಯ ಹಾಗೆ ಕೂರಿಸಿದರು. ಗಾಯ ಒಣಗಿತು. ಮೊದಲೇ ರೇಡಿಯೇಶನ್ ಆಗಿರುವ ಬೆನ್ನಾದರೆ ಈಗ ಮೊದಲ ಆಪರೇಶನ್ನಿನಲ್ಲೇ ಅವರನ್ನು ಕರೆಯುತ್ತೇನೆ. ಸುಟ್ಟ ಚರ್ಮ ಸುಲಭಕ್ಕೆ ಕೂಡುವುದಿಲ್ಲ.

ಆಮೇಲೆ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆಸಬೇಕಿತ್ತು. ಅದು ಇರುವವರೆಗೆ, ಥೈರಾಯ್ಡ್ ಕ್ಯಾನ್ಸರನ್ನು ಸುಡಲು ಕೊಡುವ ರೇಡಿಯೋ ಅಯೋಡಿನನ್ನು ಅದೇ ಹೀರಿಕೊಳ್ಳುತ್ತದೆ, ಮೂಳೆಯಲ್ಲಿ ಉಳಿದ ಗಡ್ಡೆಗೆ ಸಿಗುವುದಿಲ್ಲ. ಇನ್ನೊಂದು ವಿಷಯವನ್ನು ನಾನು ನ್ಯೂಕ್ಲಿಯರ್ ಮೆಡಿಸಿನ್ ಡಾಕ್ಟರಿಂದ ಕಲಿತೆ: ಸಿಟಿಗೆ, ಎಂಬೊಲೈಸೇಶನ್‌ಗೆ ನಾವು ಹಾಕಿದ ಡೈಯಲ್ಲೂ ಅಯೋಡಿನ್ ಇರುತ್ತದೆ. ಅದು ಮೈಯಲ್ಲಿರುವಾಗ ರೇಡಿಯೋ ಅಯೋಡಿನ್ ಸರಿಯಾಗಿ ಹಿಡಿಯುವುದಿಲ್ಲ, ಅದು ಇಳಿಯಲು ಆರರಿಂದ ಎಂಟು ವಾರ ಕಾಯಬೇಕಾಗುತ್ತದೆ. ಈಗ ಗಂಟಲಲ್ಲಿ ಗಂಟು ಕಂಡ ದಿನವೇ ಅವರಿಗೆ ಫೋನ್ ಮಾಡುತ್ತೇನೆ.

ಮೂರು ವರ್ಷವಾಯಿತು. ಮೊನ್ನೆ ಮಗನ ಜೊತೆ ಬಂದಿದ್ದರು, ಕೈಯಲ್ಲಿ ಕೋಲು ಸಹ ಇರಲಿಲ್ಲ. ಗಡ್ಡೆಯವರಿಗೆ ಹಾಕಿದ ರಾಡ್ ಕೆಲವು ತಿಂಗಳು ಬಾಳಿದರೆ ಸಾಕು ಎಂದು ಒಂದು ಕಾಲದಲ್ಲಿ ಯೋಚಿಸುತ್ತಿದ್ದೆವು. ಈಗ ಎಷ್ಟೋ ರೋಗಿಗಳು ರಾಡ್‌ಗಿಂತ ಹೆಚ್ಚು ಬಾಳುತ್ತಾರೆ. ಮೂಳೆ ಕೂಡಿಕೊಳ್ಳದಿದ್ದರೆ ಭಾರವೆಲ್ಲ ಲೋಹದ ಮೇಲೆಯೇ ಬಿದ್ದು ಒಂದು ದಿನ ಅದು ಮುರಿಯುತ್ತದೆ. ಆದ್ದರಿಂದ ಪ್ರತಿ ಸಲವೂ ಎಕ್ಸ್‌ರೇ. ಇವರದರಲ್ಲಿ ಎಲ್1ರ ಬಲಗಡೆ ಸ್ಕ್ರೂ ಸುತ್ತ ಪೆನ್ಸಿಲ್‌ನಲ್ಲಿ ಎಳೆದಂಥ ತೆಳು ಕಪ್ಪು ಗೆರೆ ಕಂಡಿತು. ಸ್ಕ್ರೂ ಸಡಿಲವಾಗುತ್ತಿರುವ ಮೊದಲ ಗುರುತು. ನೋವಿಲ್ಲ ಎಂದರು.

‘ಮೆಟ್ಟುಗತ್ತಿ ಮುಂದೆ ಕೂರ್ಬಹುದಾ ಡಾಕ್ಟ್ರೇ? ಸುಗ್ಗಿ ಬಂತು.’

ನೆಲದಲ್ಲಿ ಕೂರುವುದು ಬೇಡ, ಬಗ್ಗುವ ಕೆಲಸವೂ ಬೇಡ ಎಂದೆ. ಆ ಗೆರೆಯನ್ನು ಮಗನಿಗೆ ತೋರಿಸಿ, ಮೂರು ತಿಂಗಳಿಗೆ ಸಿಟಿ ಬರೆದುಕೊಟ್ಟೆ.