ಆರು ಬೀಪ್ ಹೊಡೆಯುತ್ತಿದ್ದ 486 ಬೋರ್ಡ್ ಸರಿಹೋದದ್ದು ಹೀಗೆ

ಇದು 486 ಪ್ರೊಸೆಸರ್‌ನ ಹಳೆ ಕಂಪ್ಯೂಟರಿನ ಮದರ್‌ಬೋರ್ಡ್. ಬೋರ್ಡ್ ಮೇಲೆ ಕಂಪನಿ ಹೆಸರೂ ಇಲ್ಲ, ಮಾಡೆಲ್ ನಂಬರೂ ಇಲ್ಲ. ಇಂಥ ಬೋರ್ಡ್ ಸಿಕ್ಕಾಗ ಚಿಪ್‌ಗಳ ಮೇಲಿನ ನಾಲ್ಕು ಅಂಕಿ ನೋಡಿ. 9327 ಅಂತಿದ್ದರೆ ಆ ಚಿಪ್ 1993ರ 27ನೇ ವಾರದ್ದು, ಬೆಸುಗೆ ಹಾಕಿದ ಚಿಪ್‌ಗಿಂತ ಬೋರ್ಡ್ ಹಳೆಯದಾಗಿರಲು ಆಗಲ್ಲ ಅಲ್ವಾ.

ಆನ್ ಮಾಡಿದರೆ ಪರದೆ ಕಪ್ಪು, ಸ್ಪೀಕರಿನಿಂದ ಆರು ಬೀಪ್. ಎಎಂಐ ಕಂಪನಿಯ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಮೊದಲ ಪ್ರೋಗ್ರಾಂ) ಅದು ಕೀಬೋರ್ಡ್ ಕಂಟ್ರೋಲರ್ ಕಡೆಯ ತೊಂದರೆ. ಸುಮ್ನೆ ಹೊಸ ಚಿಪ್ ಹುಡುಕಲು ಹೋಗಬೇಡಿ, ಮೊದಲು ಪಕ್ಕದ ಬ್ಯಾಟರಿ ನೋಡಿ. 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಕ್ಷಾರ ಹರಡಿ, ತಾಮ್ರದ ಗೆರೆಗಳೆಲ್ಲ ಹಸಿರಾಗಿದ್ದವು. ಅದನ್ನು ಕತ್ತರಿಸಿ ತೆಗೆದು, ಬಿಳಿ ವಿನೆಗರ್ ಹಚ್ಚಿ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ನೀರಲ್ಲಿ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಪೂರ್ತಿ ಒಣಗಿಸಿದೆ. ಮಲ್ಟಿಮೀಟರ್ ಹಿಡಿದು ಒಂದೊಂದೇ ಗೆರೆ ನೋಡುತ್ತಾ ಹೋದಾಗ ಕೀಬೋರ್ಡ್ ಕಂಟ್ರೋಲರ್‌ಗೆ ಹೋಗುವ ಗೆರೆಯೊಂದು ತುಂಡಾಗಿತ್ತು. ತೆಳು ತಂತಿ ಬೆಸೆದೆ.

ಪವರ್ ಪ್ಲಗ್ ಎರಡನ್ನೂ ಹಾಕುವಾಗ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಲೇಬೇಕು, ಅದಲುಬದಲಾದರೆ ಬೋರ್ಡೇ ಸುಟ್ಟುಹೋಗುತ್ತದೆ. ಈ ಸಲ ಬೀಪ್ ಇಲ್ಲ, ಪರದೆಯಲ್ಲಿ ಮೆಮೊರಿ ಎಣಿಕೆ ಓಡಿತು. ತುಂಬಾ ಖುಷಿಯಾಯಿತು! ಕೆಳಗೆ ಬಂದ ಉದ್ದನೆಯ ಬಯೋಸ್ ಸಂಖ್ಯೆಯನ್ನು ತಕ್ಷಣ ಬರೆದುಕೊಂಡೆ, ತಯಾರಕರ ಗುರುತು ಅದರಲ್ಲೇ ಇರುತ್ತದೆ. ಹಳೆ ಬ್ಯಾಟರಿ ಜಾಗಕ್ಕೆ ಚಾರ್ಜ್ ಮಾಡಬಾರದ ಸಿಆರ್2032 ನಾಣ್ಯ ಸೆಲ್ ಹಾಕುವುದಾದರೆ ಜೊತೆಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಬೇಕೇ ಬೇಕು, ಇಲ್ಲದಿದ್ದರೆ ಬೋರ್ಡ್ ಆ ಸೆಲ್ ಅನ್ನು ಚಾರ್ಜ್ ಮಾಡಲು ನೋಡುತ್ತದೆ.