ಮೊದಲ ಒಳ್ಳೆಯ ಹೆಡ್‌ಫೋನ್, ಅದಕ್ಕೊಪ್ಪುವ ಆಂಪ್ಲಿಫೈಯರ್: ಆರಿಸುವುದು ಹೇಗೆ?

ತಂತಿಯುಳ್ಳ ಒಳ್ಳೆಯ ಹೆಡ್‌ಫೋನ್ ಕೊಳ್ಳಲು ಹೊರಟವರಿಗೆ ಆಂಪ್ಲಿಫೈಯರ್‌ನ ಮಾತು ಬಹಳ ಬೇಗ ಎದುರಾಗುತ್ತದೆ. ಎರಡಕ್ಕೂ ಹಣ ಹಂಚುವ ಮೊದಲು ಒಂದು ವಿಷಯವನ್ನು ತಿಳಿದಿರಬೇಕು. ಕಿವಿಗೆ ಬೀಳುವ ನಾದದ ಸ್ವರೂಪವನ್ನು ಬಹುಪಾಲು ನಿರ್ಧರಿಸುವುದು ಹೆಡ್‌ಫೋನ್. ಅದಕ್ಕೆ ಬೇಕಾದಷ್ಟು ವಿದ್ಯುತ್ತನ್ನು, ತನ್ನದೇನನ್ನೂ ಬೆರೆಸದೆ, ಒದಗಿಸುವುದು ಆಂಪ್ಲಿಫೈಯರ್‌ನ ಕೆಲಸ. ಆದ್ದರಿಂದ ಮೊದಲು ಹೆಡ್‌ಫೋನ್ ಆರಿಸಿ, ಅದರ ಅಗತ್ಯವನ್ನು ಲೆಕ್ಕ ಹಾಕಿ, ಆ ಲೆಕ್ಕ ಕೇಳಿದರೆ ಮಾತ್ರ ಆಂಪ್ಲಿಫೈಯರ್‌ಗೆ ಕೈ ಹಾಕಬೇಕು. ಬ್ಲೂಟೂತ್ ಹೆಡ್‌ಫೋನಿನ ಒಳಗೇ ಆಂಪ್ಲಿಫೈಯರ್ ಇರುತ್ತದೆಯಾದ್ದರಿಂದ ಈ ಲೇಖನದ ಉತ್ತರಾರ್ಧ ಅದಕ್ಕೆ ಅನ್ವಯಿಸುವುದಿಲ್ಲ.

ಎಲ್ಲಿ ಕೂತು ಕೇಳುತ್ತೀರಿ?

ಮೊದಲ ಹಂತದಲ್ಲಿ ಕಂಪನಿಯ ಹೆಸರನ್ನಾಗಲಿ ಬೆಲೆಯನ್ನಾಗಲಿ ನೋಡಬೇಕಾಗಿಲ್ಲ. ಕೇಳುವ ಜಾಗವನ್ನು ನೋಡಿದರೆ ಸಾಕು. ಹೆಡ್‌ಫೋನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹಿಂಬದಿ ಮುಚ್ಚಿರುವವು ಹೊರಗಿನ ಗದ್ದಲವನ್ನು ಒಂದಷ್ಟು ತಡೆಯುತ್ತವೆ, ಒಳಗಿನ ಸಂಗೀತವನ್ನು ಪಕ್ಕದವರಿಗೆ ಕೇಳಿಸುವುದಿಲ್ಲ. ಹಿಂಬದಿ ತೆರೆದಿರುವವು ಎರಡನ್ನೂ ಬಿಟ್ಟುಕೊಡುತ್ತವೆ. ಅದಕ್ಕೆ ಪ್ರತಿಯಾಗಿ, ಧ್ವನಿ ತಲೆಯೊಳಗೆ ಒತ್ತಿ ತುಂಬಿದಂತೆ ಅನ್ನಿಸದೆ ಸುತ್ತಲೂ ಹರಡಿಕೊಂಡಂತೆ ಕೇಳುತ್ತದೆ, ಕಿವಿಯೂ ಬೆವರುವುದು ಕಡಿಮೆ. ಈ ತೆರೆದ ವಿನ್ಯಾಸವನ್ನು ಮೊದಲು ಮಾರುಕಟ್ಟೆಗೆ ತಂದದ್ದು 1968ರ ಸೆನ್‌ಹೈಸರ್ ಎಚ್‌ಡಿ 414.

ಮುಖ್ಯರಸ್ತೆಗೆ ತೆರೆದುಕೊಂಡ ಕಿಟಕಿಯ ಪಕ್ಕ, ಹಾಸ್ಟೆಲಿನ ಕೋಣೆಯಲ್ಲಿ ಅಥವಾ ಕಚೇರಿಯಲ್ಲಿ ಕೇಳುವವರಿಗೆ ಮುಚ್ಚಿದ ಬಗೆಯೇ ಸರಿ. ಆಡಿಯೋ ಟೆಕ್ನಿಕಾ ಎಂ50ಎಕ್ಸ್, ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, 1991ರಿಂದ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿರುವ ಸೋನಿ ಎಂಡಿಆರ್ 7506 ಈ ಗುಂಪಿನ ಪರಿಚಿತ ಹೆಸರುಗಳು. ಮನೆಯಲ್ಲಿ ರಾತ್ರಿ ಎಲ್ಲ ಸದ್ದಡಗಿದ ಮೇಲೆ ಒಬ್ಬರೇ ಕೂತು ಕೇಳುವ ಅವಕಾಶವಿದ್ದರೆ ತೆರೆದ ಬಗೆಯನ್ನೇ ಆರಿಸಿ ಎಂಬುದು ನನ್ನ ಖಚಿತ ಸಲಹೆ; ಅದೇ ಬೆಲೆಗೆ ಸಿಗುವ ನಾದದ ಸಹಜತೆ ಅಲ್ಲಿ ಸಾಮಾನ್ಯವಾಗಿ ಹೆಚ್ಚು. ಸೆನ್‌ಹೈಸರ್ ಎಚ್‌ಡಿ 560ಎಸ್, 1997ರಲ್ಲಿ ಬಂದು ಇಂದಿಗೂ ಮಾರಾಟದಲ್ಲಿರುವ ಎಚ್‌ಡಿ 600, ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ, ಹೈಫೈಮ್ಯಾನ್ ಎಚ್‌ಇ 400ಎಸ್‌ಇ ಇವು ಈ ಸಾಲಿನವು.

ತಲೆಯ ಮೇಲೆ ಅರ್ಧ ಗಂಟೆ

ಎರಡನೆಯ ಹಂತ ಹಾಕಿಕೊಂಡು ನೋಡುವುದು. ಎರಡು ನಿಮಿಷ ಹಿತವಾಗಿರುವ ಹೆಡ್‌ಫೋನ್ ಅರ್ಧ ಗಂಟೆಯ ನಂತರ ನೆತ್ತಿಯನ್ನೋ ದವಡೆಯ ಮೂಲವನ್ನೋ ಒತ್ತತೊಡಗಬಹುದು. ಮೆತ್ತೆಯ ಒಳಗೆ ಕಿವಿ ಪೂರ್ತಿ ಕೂರಬೇಕು, ಒಳಗಿನ ಬಟ್ಟೆಗೆ ತಾಗಬಾರದು. ಕನ್ನಡಕ ಹಾಕುವವರು ಕನ್ನಡಕದೊಂದಿಗೇ ಪರೀಕ್ಷಿಸಬೇಕು, ಏಕೆಂದರೆ ಕನ್ನಡಕದ ಕಾಲು ಮೆತ್ತೆಯನ್ನು ಎತ್ತಿದಲ್ಲಿ ಗಾಳಿ ಸೋರುತ್ತದೆ. ಮುಚ್ಚಿದ ಹೆಡ್‌ಫೋನಿನಲ್ಲಿ ಹಾಗಾದರೆ ಮಂದ್ರದ ಧ್ವನಿಗಳೆಲ್ಲ ಸೊರಗಿಹೋಗುತ್ತವೆ. ಇನ್ನು ಕರಾವಳಿಯ ಸೆಕೆಯಲ್ಲಿ ಇರುವವರಿಗೆ ಒಂದು ಮಾತು: ಕೃತಕ ಚರ್ಮದ ಮೆತ್ತೆ ಬೆವರು ಮತ್ತು ತೇವಕ್ಕೆ ಬೇಗ ಸಿಪ್ಪೆ ಬಿಡುತ್ತದೆ, ಮಖಮಲ್ಲಿನದು ಹೆಚ್ಚು ಬಾಳಿಕೆ ಬರುತ್ತದೆ. ಮೆತ್ತೆ ಮತ್ತು ಕೇಬಲ್ ಎರಡನ್ನೂ ಬಿಚ್ಚಿ ಬದಲಿಸುವಂತಿದ್ದರೆ ಹೆಡ್‌ಫೋನ್ ಹಲವಾರು ವರ್ಷ ಬಾಳುತ್ತದೆ.

ಗೊತ್ತಿರುವ ಸಂಗೀತದಿಂದಲೇ ಪರೀಕ್ಷೆ

ಅಂಗಡಿಯವರು ಹಾಕುವ ಪ್ರದರ್ಶನದ ಧ್ವನಿಮುದ್ರಿಕೆಗಳನ್ನು ಪಕ್ಕಕ್ಕಿಡಿ. ಅವು ಎಲ್ಲ ಹೆಡ್‌ಫೋನುಗಳಲ್ಲೂ ಚೆನ್ನಾಗಿ ಕೇಳುವಂತೆ ಆಯ್ದವು. ನೀವು ವರ್ಷಗಟ್ಟಲೆ ಕೇಳಿ, ಪ್ರತಿ ಏರಿಳಿತವನ್ನೂ ಬಲ್ಲ ಮೂರು ನಾಲ್ಕು ಧ್ವನಿಮುದ್ರಣಗಳನ್ನು ಫೋನಿನಲ್ಲಿ ಒಯ್ಯಿರಿ. ನಮ್ಮ ಸಂಗೀತ ಈ ಪರೀಕ್ಷೆಗೆ ಅತ್ಯುತ್ತಮವಾಗಿ ಒದಗುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಇಟ್ಟ ನೂಲೆಳೆಯಿಂದ ಹುಟ್ಟುವ ಅನುರಣನದಲ್ಲಿ ಮೂಲಶ್ರುತಿಯ ಮೇಲೆ ಹಲವು ಉಪಸ್ವರಗಳು ಪದರಪದರವಾಗಿ ಏಳುತ್ತವೆ. ಒಳ್ಳೆಯ ಹೆಡ್‌ಫೋನಿನಲ್ಲಿ ಆ ಪದರಗಳು ಬಿಡಿಯಾಗಿ ಕೇಳುತ್ತವೆ, ಸಾಧಾರಣವಾದದ್ದರಲ್ಲಿ ಅವೆಲ್ಲ ಒಂದೇ ಗುಂಯ್‌ಗುಡುವಿಕೆಯಾಗುತ್ತವೆ. ಮೃದಂಗದ ಎಡಮುಖದ ಗುಮುಕಿ ಆಳವಾಗಿ ಇಳಿದರೂ ಅದರ ಶ್ರುತಿ ಗುರುತಿಗೆ ಸಿಗಬೇಕು. ಬರಿಯ ‘ಧಂ’ ಎಂಬ ಹೊಡೆತ ಉಳಿದು, ಅದು ಹಾಡುಗಾರರ ಕಂಠದ ಕೆಳಸ್ಥಾಯಿಯ ಮೇಲೆ ಕವಿದರೆ ಮಂದ್ರವನ್ನು ಅತಿಯಾಗಿ ಎತ್ತಿದ್ದಾರೆಂದು ಅರ್ಥ. ಯಕ್ಷಗಾನದ ಚಂಡೆ ಇನ್ನೊಂದು ನಿಷ್ಠುರ ಪರೀಕ್ಷಕ. ಪೆಟ್ಟು ಚುರುಕಾಗಿ ಬೀಳಬೇಕು, ಆದರೆ ಕಿವಿಯನ್ನು ಇರಿಯಬಾರದು. ಡಿಟಿ 990ರಂತಹ, ತಾರಸ್ಥಾಯಿಯನ್ನು ಎತ್ತಿ ಹಿಡಿಯುವ ಹೆಡ್‌ಫೋನಿನಲ್ಲಿ ಚಂಡೆ, ತಾಳ ಮತ್ತು ‘ಸ’ಕಾರಗಳು ಕೆಲವರಿಗೆ ಸಹಿಸಲಾಗದಷ್ಟು ಹರಿತವಾಗುತ್ತವೆ.

ಹಳೆಯ ಧ್ವನಿಮುದ್ರಣಗಳನ್ನೂ ಬಿಡಬೇಡಿ. ಏಳು ತಂತಿಯ ಪಿಟೀಲು ನುಡಿಸುತ್ತಿದ್ದ ಟಿ. ಚೌಡಯ್ಯನವರು ತೀರಿಕೊಂಡದ್ದು 1967ರಲ್ಲಿ. ಅವರ ಕಾಲದ ಮುದ್ರಣಗಳು ಹೆಚ್ಚಾಗಿ ಒಂದೇ ಚಾನೆಲಿನವು, ಅಂದರೆ ಎರಡೂ ಕಿವಿಗೆ ಒಂದೇ ಧ್ವನಿ. ಅಂತಹದನ್ನು ಕೇಳುವಾಗ ವಾದ್ಯ ಹಣೆಯ ನಟ್ಟನಡುವೆ ನಿಲ್ಲಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಹೆಡ್‌ಫೋನಿನ ಎರಡು ಬದಿಗಳು ಸಮನಾಗಿಲ್ಲ, ಅಥವಾ ಅದನ್ನು ನಡೆಸುತ್ತಿರುವ ಸಾಧನದಲ್ಲಿ ದೋಷವಿದೆ. ಹಳೆಯ ತಟ್ಟೆಗಳ ಸರಸರ ಸದ್ದು ಸಂಗೀತಕ್ಕಿಂತ ಮುಂದೆ ಬಂದು ನಿಂತರೂ ಆ ಹೆಡ್‌ಫೋನ್ ನಿಮಗೆ ಒಗ್ಗಲಾರದು. ಮಲ್ಲಿಕಾರ್ಜುನ ಮನಸೂರರ ಆರಂಭದ ತಟ್ಟೆಗಳನ್ನು ಪ್ರೀತಿಸುವವರಿಗೆ ಇದು ಸಣ್ಣ ಮಾತಲ್ಲ.

ಹೋಲಿಸುವಾಗ ಎರಡೂ ಹೆಡ್‌ಫೋನುಗಳ ಧ್ವನಿಮಟ್ಟ ಒಂದೇ ಆಗಿರಬೇಕು ಎಂಬುದನ್ನು ಮರೆಯಲೇಬಾರದು. ಒಂದು ಡೆಸಿಬೆಲ್‌ನಷ್ಟು ಜೋರಾಗಿರುವುದೂ ನಮ್ಮ ಕಿವಿಗೆ ‘ಜೋರು’ ಎಂದು ತೋರದೆ ‘ಉತ್ತಮ’ ಎಂದು ತೋರುತ್ತದೆ. ಪ್ರತಿ ಬಾರಿ ಬದಲಿಸಿದಾಗಲೂ ಹಾಡುವ ಕಂಠವನ್ನು ಆಧಾರವಾಗಿಟ್ಟುಕೊಂಡು ಧ್ವನಿಯನ್ನು ಸರಿದೂಗಿಸಿ, ಆಮೇಲೆ ತೀರ್ಪು ಕೊಡಿ.

ಎರಡು ಅಂಕಿಗಳ ಲೆಕ್ಕ

ಹೆಡ್‌ಫೋನ್ ನಿರ್ಧಾರವಾದ ಮೇಲೆ ಅದರ ಡಬ್ಬಿಯ ಮೇಲಿನ ಎರಡು ಅಂಕಿಗಳನ್ನು ಬರೆದುಕೊಳ್ಳಿ. ಒಂದು ಇಂಪೀಡೆನ್ಸ್, ಅಂದರೆ ವಿದ್ಯುತ್ ಹರಿವಿಗೆ ಅದು ಒಡ್ಡುವ ತಡೆ. ಇದರ ಅಳತೆ ಓಮ್. ಇನ್ನೊಂದು ಸೆನ್ಸಿಟಿವಿಟಿ, ಅಂದರೆ ಇಷ್ಟು ವಿದ್ಯುತ್ತಿಗೆ ಎಷ್ಟು ಡೆಸಿಬೆಲ್ ಧ್ವನಿ ಎಂಬುದು. ಓಮ್ ಹೆಚ್ಚಿದ್ದರೆ ಆಂಪ್ಲಿಫೈಯರ್ ಬೇಕೇ ಬೇಕು ಎಂಬ ನಂಬಿಕೆ ಅರ್ಧ ಸತ್ಯ. ಎರಡೂ ಅಂಕಿಗಳನ್ನು ಸೇರಿಸಿಯೇ ಓದಬೇಕು.

ಉದಾಹರಣೆಗೆ ಎಂ50ಎಕ್ಸ್ 38 ಓಮ್‌ನದು, 1 ಮಿಲಿವ್ಯಾಟ್‌ಗೆ 99 ಡೆಸಿಬೆಲ್ ಕೊಡುತ್ತದೆ. ಫೋನಿಗೆ ಹೆಡ್‌ಫೋನ್ ಸಿಕ್ಕಿಸಲು ಬಳಸುವ ಪುಟ್ಟ ಸಾಧನವಾದ ಸಾಮಾನ್ಯ ಯುಎಸ್‌ಬಿ ಡಾಂಗಲ್ 1 ವೋಲ್ಟ್ ಕೊಡುತ್ತದೆ ಎಂದುಕೊಳ್ಳಿ. ವೋಲ್ಟಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ಶಕ್ತಿ ಸಿಗುತ್ತದೆ: ಇಲ್ಲಿ ಸುಮಾರು 26 ಮಿಲಿವ್ಯಾಟ್. ಶಕ್ತಿ ಹತ್ತು ಪಟ್ಟಾದಾಗ 10 ಡೆಸಿಬೆಲ್, ಇಮ್ಮಡಿಯಾದಾಗ 3 ಡೆಸಿಬೆಲ್ ಏರುತ್ತದೆಯಾದ್ದರಿಂದ 26 ಮಿಲಿವ್ಯಾಟ್‌ಗೆ 14 ಡೆಸಿಬೆಲ್ ಸೇರಿ ಒಟ್ಟು 113 ಆಗುತ್ತದೆ. ಕ್ಷಣಮಾತ್ರದ ಏರುಗಳಿಗೂ 110 ಡೆಸಿಬೆಲ್ ಸಾಕೆಂದಮೇಲೆ ಇದಕ್ಕೆ ಪ್ರತ್ಯೇಕ ಆಂಪ್ಲಿಫೈಯರ್ ಬೇಕಿಲ್ಲ. ಅದೇ ಡಾಂಗಲನ್ನು 250 ಓಮ್‌ನ, 1 ಮಿಲಿವ್ಯಾಟ್‌ಗೆ 96 ಡೆಸಿಬೆಲ್ ಕೊಡುವ ಡಿಟಿ 990 ಪ್ರೊಗೆ ಸಿಕ್ಕಿಸಿದರೆ ಹರಿಯುವುದು 4 ಮಿಲಿವ್ಯಾಟ್, ಗರಿಷ್ಠ ಧ್ವನಿ 102 ಡೆಸಿಬೆಲ್. ಈಗಿನ ಚಿತ್ರಗೀತೆಗಳಿಗೆ ಇದೂ ನಡೆಯುತ್ತದೆ. ಆದರೆ ತಗ್ಗಿದ ಮಟ್ಟದಲ್ಲಿ ಮುದ್ರಿಸಿದ ಶಾಸ್ತ್ರೀಯ ಕಛೇರಿಗೆ, ಆಲಾಪದ ಪಿಸುಮಾತಿನಿಂದ ತನಿಯಾವರ್ತನದ ಅಬ್ಬರದವರೆಗೆ ಜಾಗ ಸಾಲದು. 110 ಡೆಸಿಬೆಲ್ ಮುಟ್ಟಲು ಅದಕ್ಕೆ 25 ಮಿಲಿವ್ಯಾಟ್, ಅಂದರೆ ಸುಮಾರು 2.5 ವೋಲ್ಟ್ ಬೇಕು. ಇಲ್ಲಿ ಆಂಪ್ಲಿಫೈಯರ್‌ಗೆ ನ್ಯಾಯವಾದ ಕೆಲಸವಿದೆ.

ಒಂದು ಎಚ್ಚರಿಕೆ. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು 1 ಮಿಲಿವ್ಯಾಟ್‌ಗೆ ಹೇಳಿದರೆ ಕೆಲವು 1 ವೋಲ್ಟ್‌ಗೆ ಹೇಳುತ್ತವೆ. 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 650ಕ್ಕೆ ಹೇಳುವ 103 ಡೆಸಿಬೆಲ್ 1 ವೋಲ್ಟಿನದು. ಮಿಲಿವ್ಯಾಟಿಗೆ ಇಳಿಸಿದರೆ ಅದು ಸುಮಾರು 98. ಈ ವ್ಯತ್ಯಾಸ ನೋಡದೆ ಎರಡು ಮಾದರಿಗಳನ್ನು ಹೋಲಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಆಂಪ್ಲಿಫೈಯರ್ ಬೇಕೆಂದಾದರೆ

ಮೊದಲು ನೋಡಬೇಕಾದದ್ದು ನಿಮ್ಮ ಹೆಡ್‌ಫೋನಿನ ಓಮ್‌ಗೆ ಅದು ಎಷ್ಟು ಶಕ್ತಿ ಕೊಡುತ್ತದೆ ಎಂಬುದು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವ ‘1 ವ್ಯಾಟ್’ ಸಾಮಾನ್ಯವಾಗಿ 32 ಓಮ್‌ಗೆ ಸಂಬಂಧಿಸಿದ್ದು. ಅದೇ ವೋಲ್ಟೇಜಿನಲ್ಲಿ 300 ಓಮ್‌ಗೆ ಸಿಗುವುದು ಸುಮಾರು 107 ಮಿಲಿವ್ಯಾಟ್. ಅದೂ ಧಾರಾಳವೇ.

ಎರಡನೆಯದು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಹೊರಬರುವ ವಿದ್ಯುತ್ತಿಗೆ ಆಂಪ್ಲಿಫೈಯರ್ ತಾನೇ ಒಡ್ಡುವ ತಡೆ. ಇದು ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆಯಿರಲಿ ಎಂಬುದು ರೂಢಿಯ ನಿಯಮ. 2 ಓಮ್‌ಗಿಂತ ಕಡಿಮೆಯಿದ್ದರೆ ಚಿಂತೆಯೇ ಇಲ್ಲ. ಹಳೆಯ ಸ್ಟೀರಿಯೋ ರಿಸೀವರ್‌ಗಳ ಹೆಡ್‌ಫೋನ್ ರಂಧ್ರದಲ್ಲಿ ಇದು 100 ಓಮ್ ದಾಟಿರುವುದುಂಟು. ಎಚ್‌ಡಿ 600ರ ಇಂಪೀಡೆನ್ಸ್ ಹೆಸರಿಗೆ 300 ಓಮ್ ಆದರೂ 100 ಹರ್ಟ್ಸ್‌ನ ಆಸುಪಾಸಿನಲ್ಲಿ 500 ದಾಟುತ್ತದೆ. ಹಾಗಾಗಿ 120 ಓಮ್‌ನ ಮೂಲಕ್ಕೆ ಸಿಕ್ಕಿಸಿದಾಗ ಆ ಭಾಗ ಸುಮಾರು 1 ಡೆಸಿಬೆಲ್‌ನಷ್ಟು ಉಬ್ಬುತ್ತದೆ. ಕೆಲವರಿಗೆ ಆ ಉಬ್ಬು ಹಿತವೆನಿಸುತ್ತದೆ, ಆದರೆ ಅದು ಮುದ್ರಣದಲ್ಲಿ ಇರುವುದಲ್ಲ.

ಮೂರನೆಯದಾಗಿ ಗೇನ್, ಅಂದರೆ ಒಳಬಂದ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದನ್ನು, ಬದಲಿಸುವ ಗುಂಡಿ ಇರಬೇಕು. ಜೆಡಿಎಸ್ ಲ್ಯಾಬ್ಸ್ ಆಟಮ್, ಷೀಟ್ ಮ್ಯಾಗ್ನಿ, ಟಾಪಿಂಗ್ ಎಲ್30, ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್ ಸಂಕೇತವಾಗಿಸುವ ಭಾಗ) ಕೂಡ ಒಳಗೇ ಇರುವ ಫಿಯೋ ಕೆ7 ಇಂಥವುಗಳ ಅಳತೆಗಳು ಕಿವಿಯ ಮಿತಿಯನ್ನು ಮೀರಿ ಶುದ್ಧವಾಗಿವೆ. ಇವಕ್ಕಿಂತ ದುಬಾರಿಯಾದದ್ದಕ್ಕೆ ಮೊದಲ ಸಲವೇ ಹಣ ಹಾಕುವುದನ್ನು ನಾನು ಯಾರಿಗೂ ಸೂಚಿಸಲಾರೆ. ಅದರ ಬದಲು ಹೆಡ್‌ಫೋನಿನಲ್ಲಿ ಒಂದು ಮೆಟ್ಟಿಲು ಮೇಲೇರಿ. ಬ್ಯಾಲೆನ್ಸ್ಡ್ ಸಂಪರ್ಕ, ಬೆಳ್ಳಿಯ ಕೇಬಲ್ ಇತ್ಯಾದಿಗಳನ್ನು ಈ ಹಂತದಲ್ಲಿ ಪೂರ್ತಿ ಬಿಟ್ಟುಬಿಡಬಹುದು.

ಜೋಡಿಸುವ ಕ್ರಮ

ಆಂಪ್ಲಿಫೈಯರ್‌ನ ಗುಂಡಿಯನ್ನು ಸೊನ್ನೆಗೆ ತಂದು, ಗೇನ್ ಕಡಿಮೆಯಲ್ಲಿಟ್ಟು, ಹೆಡ್‌ಫೋನನ್ನು ಸಿಕ್ಕಿಸಿದ ನಂತರವೇ ತಲೆಗೆ ಹಾಕಿಕೊಳ್ಳಿ. ಫೋನ್ ಅಥವಾ ಕಂಪ್ಯೂಟರಿನ ಧ್ವನಿ ಪೂರ್ತಿ ಇರಲಿ. ಏರಿಳಿಸುವುದೆಲ್ಲ ಆಂಪ್ಲಿಫೈಯರ್‌ನಲ್ಲೇ ನಡೆಯಲಿ. ಗುಂಡಿ ತುಸು ತಿರುಗುವಷ್ಟರಲ್ಲೇ ಜೋರಾದರೆ ಗೇನ್ ಇನ್ನೂ ಹೆಚ್ಚಿದೆ ಎಂದರ್ಥ. ಈಗ ಶಕ್ತಿ ಬೇಕಾದಷ್ಟಿರುವುದರಿಂದ ಕಿವಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ. ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 89ಕ್ಕೆ ತಲುಪುವಾಗ ವಾರಕ್ಕೆ ಉಳಿಯುವುದು ಐದೇ ಗಂಟೆ.

ಹಾಡು ನಿಲ್ಲಿಸಿದಾಗಲೂ ಗುಂಯ್ ಎನ್ನುವ ಸದ್ದು ಕೇಳಿದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಅರ್ಥಿಂಗ್‌ನ ತೊಂದರೆಯಿರುವ ಸಾಧ್ಯತೆ ಹೆಚ್ಚು, ಆಂಪ್ಲಿಫೈಯರ್‌ನದಲ್ಲ. ಎರಡೂ ಸಾಧನಗಳನ್ನು ಒಂದೇ ಮೂರು ಪಿನ್ನಿನ ಬೋರ್ಡಿನಿಂದ ನಡೆಸಿ. ಆ ಬಳಿಕ ಒಂದೇ ಚಾನೆಲಿನ ಹಳೆಯ ಮುದ್ರಣವನ್ನು ಬಹಳ ಮೆಲ್ಲಗೆ ಹಚ್ಚಿ, ಗುಂಡಿಯನ್ನು ಸೊನ್ನೆಯಿಂದ ನಿಧಾನವಾಗಿ ತಿರುಗಿಸಿ. ಧ್ವನಿಯ ಗುಂಡಿಯ ಹಿಂದಿರುವ ಅಗ್ಗದ ಪೊಟೆನ್ಶಿಯೋಮೀಟರ್‌ಗಳಲ್ಲಿ ತೀರ ಆರಂಭದಲ್ಲಿ ಧ್ವನಿ ಒಂದು ಬದಿಗೆ ವಾಲುವುದು ಸಹಜ. ನೀವು ದಿನವೂ ಕೇಳುವ ಮಟ್ಟಕ್ಕೆ ಬಂದ ಮೇಲೂ ವಾಲಿಕೆ ಉಳಿದರೆ ಹೆಡ್‌ಫೋನನ್ನು ಎಡಬಲ ಅದಲುಬದಲು ಮಾಡಿ ಹಾಕಿಕೊಳ್ಳಿ. ವಾಲಿಕೆಯೂ ಬದಿ ಬದಲಿಸಿದರೆ ಕಿವಿಯಲ್ಲಿ ದೋಷವಿಲ್ಲ; ಹೆಡ್‌ಫೋನನ್ನು ನೇರವಾಗಿ ಫೋನಿಗೆ ಸಿಕ್ಕಿಸಿ ಕೇಳಿದಾಗ ಅದು ಮಾಯವಾದರೆ ಆಂಪ್ಲಿಫೈಯರ್, ಉಳಿದರೆ ಹೆಡ್‌ಫೋನ್ ದೋಷಯುಕ್ತ. ಈ ಪರೀಕ್ಷೆಯನ್ನು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಮಾಡಿ, ಅಲ್ಲಿಯವರೆಗೆ ಡಬ್ಬಿ ಮತ್ತು ರಸೀತಿಯನ್ನು ಜೋಪಾನವಾಗಿ ಇಟ್ಟುಕೊಂಡಿರಿ.